ಹಾಡು ಬಿಟ್ಟರೆ ಮದುವೆ: ಬ್ರಿಟಿಷರ ಕಾಲದ ಪ್ರೇಮಚಿತ್ರಗಳು ಹೇಳದೆ ಬಿಟ್ಟ ಕರಾರು

ಬ್ರಿಟಿಷರ ಕಾಲದ ಪ್ರೇಮಕಥೆಗೆ ಸಂಗೀತ ಬೆರೆಸಿದ ಸಿನಿಮಾಗಳು, ವೆಬ್ ಸರಣಿಗಳು ಈಚಿನ ವರ್ಷಗಳಲ್ಲಿ ಒಂದರ ಹಿಂದೆ ಒಂದು ಬರುತ್ತಿವೆ. ಭಾಷೆ ಯಾವುದೇ ಇರಲಿ, ಕಥೆಯ ಹಂದರ ಹೆಚ್ಚುಕಡಿಮೆ ಒಂದೇ. ಕಂಬಸಾಲಿನ ದೊಡ್ಡ ಮನೆ, ಮೂಲೆಯಲ್ಲಿ ಹಿತ್ತಾಳೆ ಕಹಳೆಯ ಗ್ರಾಮಫೋನು, ಹಾಡುವ ಹೆಣ್ಣು, ಅವಳ ಕಂಠಕ್ಕೆ ಮನಸೋತ ಒಬ್ಬ ಜಮೀನ್ದಾರರ ಮಗ ಅಥವಾ ಕ್ರಾಂತಿಕಾರಿ. ಇಬ್ಬರ ನಡುವೆ ಒಬ್ಬ ಬಿಳಿಯ ಅಧಿಕಾರಿ ಬರುತ್ತಾನೆ. ಕೊನೆಗೆ ಗುಂಡು ಹಾರುತ್ತದೆ, ಇಲ್ಲವೇ ರೈಲು ಹೊರಡುತ್ತದೆ. ಪ್ರೇಮವನ್ನು ಕೊಂದದ್ದು ಸಾಮ್ರಾಜ್ಯ ಎಂದು ನಂಬಿ ನಾವು ಎದ್ದು ಬರುತ್ತೇವೆ.

ಸಾಮ್ರಾಜ್ಯದ ಕ್ರೌರ್ಯ ಸುಳ್ಳಲ್ಲ. ಆದರೆ ಆ ಕಾಲದಲ್ಲಿ ಹಾಡಿ ಬದುಕುತ್ತಿದ್ದ ಹೆಣ್ಣುಮಕ್ಕಳ ಚರಿತ್ರೆಯನ್ನು ಓದುತ್ತ ಹೋದರೆ, ಪ್ರೇಮಕ್ಕೂ ಹಾಡಿಗೂ ನಡುವೆ ಗೋಡೆ ಎಬ್ಬಿಸಿದವರಲ್ಲಿ ಬಹುಪಾಲು ನಮ್ಮವರೇ ಎಂಬುದು ಕಾಣುತ್ತದೆ. ಮರ್ಯಾದಸ್ಥ ಕುಟುಂಬಗಳು, ಸುಧಾರಕರು, ಸಂಗೀತ ಸಭೆಗಳು, ಕೊನೆಗೆ ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ಸರ್ಕಾರದ ರೇಡಿಯೋ. ಆ ಗೋಡೆಗೆ ಒಂದು ಸ್ಪಷ್ಟವಾದ ಕರಾರೂ ಇತ್ತು: ಮದುವೆ ಬೇಕಾದರೆ ಹಾಡು ಬಿಡು. ಈ ಕಾಲದ ಕಥೆ ಹೇಳುವ ಯಾವ ಚಿತ್ರಕ್ಕೂ ಇದಕ್ಕಿಂತ ದೊಡ್ಡ ನಾಟಕೀಯ ಸಂಘರ್ಷ ಸಿಗಲಾರದು. ಆದರೂ ತೆರೆಯ ಮೇಲೆ ಇದೇ ಕಾಣೆಯಾಗಿರುತ್ತದೆ. ಇದನ್ನು ಈಗ ಹೇಳಬೇಕಾಗಿರುವುದು ಈ ಚಿತ್ರಗಳೇ ಬಹಳ ಜನರಿಗೆ ಚರಿತ್ರೆಯ ಪಾಠವೂ ಆಗುತ್ತಿರುವುದರಿಂದ.

ಮೊದಲು ಹಣದ ವಿಷಯ. ಸಿನಿಮಾದ ಗಾಯಕಿ ಸಾಮಾನ್ಯವಾಗಿ ಬಂದಿ. ಯಾರೋ ಬಂದು ಬಿಡಿಸಬೇಕು. ಲಕ್ನೋ ನಗರದ 1858ರಿಂದ 1877ರವರೆಗಿನ ತೆರಿಗೆ ಲೆಕ್ಕಪತ್ರಗಳು ಬೇರೆಯೇ ಮಾತು ಹೇಳುತ್ತವೆ. ಅಲ್ಲಿನ ತವಾಯಫರು, ಅಂದರೆ ಹಾಡು, ನೃತ್ಯವನ್ನೇ ವೃತ್ತಿ ಮಾಡಿಕೊಂಡಿದ್ದ ಹೆಂಗಸರು, ನಗರದಲ್ಲೇ ಅತಿ ಹೆಚ್ಚು ತೆರಿಗೆ ಕಟ್ಟುವವರ ಸಾಲಿನಲ್ಲಿದ್ದರು. ಮನೆ, ತೋಟ, ಅಂಗಡಿಗಳು ಅವರ ಹೆಸರಿನಲ್ಲಿದ್ದವು. 1857ರ ಬಂಡಾಯಕ್ಕೆ ನೆರವಾದರೆಂದು ಬ್ರಿಟಿಷರು ಮುಟ್ಟುಗೋಲು ಹಾಕಿಕೊಂಡ ಆಸ್ತಿಗಳ ಪಟ್ಟಿಯಲ್ಲೂ ಅವರು ಬರುತ್ತಾರೆ. ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತಿದ್ದ, ವಿದ್ಯೆಯೂ ಹಾಗೇ ಹೋಗುತ್ತಿದ್ದ ಮನೆಗಳು ಅವು. ಎಲ್ಲರೂ ಸಿರಿವಂತರಾಗಿದ್ದರೆಂದಲ್ಲ, ಬಡತನ, ಬಲವಂತ, ರೋಗ ಎಲ್ಲವೂ ಇತ್ತು. ಆದರೆ ಎತ್ತರಕ್ಕೇರಿದ ಗಾಯಕಿಯೊಬ್ಬಳಿಗೆ ಮದುವೆ ಎಂದರೆ ಬಿಡುಗಡೆ ಎನ್ನುವುದಕ್ಕಿಂತ, ಸ್ವಂತ ದುಡಿಮೆ, ಸ್ವಂತ ಮನೆ, ಸ್ವಂತ ಹೆಸರು ಈ ಮೂರನ್ನೂ ಬಿಟ್ಟುಕೊಡುವ ವ್ಯವಹಾರವಾಗಿತ್ತು.

ಗಜಲ್ ಗಾಯಕಿ ಅಖ್ತರಿಬಾಯಿ ಫೈಜಾಬಾದಿ ಅವರ ಬದುಕು ಇದಕ್ಕೆ ಕಣ್ಣೆದುರಿನ ಸಾಕ್ಷಿ. 1945ರಲ್ಲಿ ಅವರು ಲಕ್ನೋದ ಬ್ಯಾರಿಸ್ಟರ್ ಇಷ್ತಿಯಾಕ್ ಅಹ್ಮದ್ ಅಬ್ಬಾಸಿ ಅವರನ್ನು ಮದುವೆಯಾದರು. ಮದುವೆಯಾದ ಮೇಲೆ ಹಾಡು ನಿಂತಿತು. ಕೆಲವು ವರ್ಷ ಅವರು ಹಾಡಲೇ ಇಲ್ಲ. ತಾಯಿಯ ಸಾವೂ ಸೇರಿ ಅವರ ಆರೋಗ್ಯ ಕುಸಿಯಿತು. ಹಾಡಿದರೆ ಮಾತ್ರ ಚೇತರಿಸಿಕೊಂಡಾರು ಎಂಬ ಸ್ಥಿತಿ ಬಂದಾಗ 1949ರಲ್ಲಿ ಲಕ್ನೋ ರೇಡಿಯೋ ಕೇಂದ್ರದಲ್ಲಿ ಮತ್ತೆ ಹಾಡಿದರು. ಆಗ ಅವರು ಬೇಗಂ ಅಖ್ತರ್ ಆಗಿದ್ದರು; ಹಾಡುವವಳ ‘ಬಾಯಿ’ ಹೋಗಿ ಮನೆಯೊಡತಿಯ ‘ಬೇಗಂ’ ಬಂದಿತ್ತು. ಇಲ್ಲಿ ಖಳನಾಯಕನೇ ಇಲ್ಲ. ಪ್ರೀತಿಸಿದ ಗಂಡನಿದ್ದಾನೆ, ಮರ್ಯಾದೆಯ ಮನೆಯಿದೆ, ಬೇಕೆಂದೇ ಆರಿಸಿಕೊಂಡ ಬದುಕಿದೆ. ಅಷ್ಟೆಲ್ಲ ಇದ್ದೂ ಕೊರಳು ಕಟ್ಟಿಹೋಗಿದೆ. ಖಳನಾಯಕನಿಲ್ಲದೆ ಇಂಥ ದುಃಖವನ್ನು ಬರೆಯಲು ಒಳ್ಳೆಯ ಚಿತ್ರಕಥೆಗಾರ ಬೇಕು. ಬಿಳಿಯ ಅಧಿಕಾರಿಯನ್ನು ತಂದು ನಿಲ್ಲಿಸುವುದು ಅದಕ್ಕಿಂತ ಸುಲಭ.

ಆ ಬಿಳಿಯ ಅಧಿಕಾರಿ ನಿಜವಾಗಿ ಏನು ಮಾಡುತ್ತಿದ್ದ? 1893ರಲ್ಲಿ ಮದರಾಸಿನ ಹಿಂದೂ ಸಮಾಜ ಸುಧಾರಣಾ ಸಂಘದವರು ವೈಸ್‌ರಾಯ್‌ಗೂ ಮದರಾಸಿನ ಗವರ್ನರಿಗೂ ಮನವಿ ಕೊಟ್ಟರು: ದೇವದಾಸಿಯರ ನೃತ್ಯ ಏರ್ಪಡಿಸಿರುವ ಸಮಾರಂಭಗಳಿಗೆ ತಾವು ಹೋಗಬಾರದು ಎಂದು. ಇಬ್ಬರೂ ಒಪ್ಪಲಿಲ್ಲ. ತಾವು ಕಂಡ ನೃತ್ಯದಲ್ಲಿ ಅಸಭ್ಯವಾದದ್ದೇನೂ ಇರಲಿಲ್ಲ ಎಂಬ ಧಾಟಿಯ ಉತ್ತರ ಬಂತು. ಇಂಗ್ಲಿಷ್ ಶಿಕ್ಷಣ, ಮಿಷನರಿಗಳ ನೀತಿಬೋಧೆ ಎರಡೂ ಆ ಚಳವಳಿಯ ಬೆನ್ನಿಗಿದ್ದವು, ನಿಜ. ಆದರೆ ಅದನ್ನು ಮನೆಮನೆಗೆ ಒಯ್ದವರು ವಕೀಲರು, ಮೇಷ್ಟರುಗಳು, ಪತ್ರಿಕಾ ಸಂಪಾದಕರು.

ಮೈಸೂರು ಸಂಸ್ಥಾನವಂತೂ ಈ ವಿಷಯದಲ್ಲಿ ಬ್ರಿಟಿಷ್ ಪ್ರಾಂತಗಳಿಗಿಂತ ಮುಂದಿತ್ತು. ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು 1909ರಲ್ಲೇ ನಿಲ್ಲಿಸಿತು. ಮುಂಬಯಿ ಪ್ರಾಂತದಲ್ಲಿ ಕಾನೂನು ಬಂದದ್ದು 1934ರಲ್ಲಿ, ಮದರಾಸಿನಲ್ಲಿ 1947ರಲ್ಲಿ. ಸಂಗೀತಕ್ಕೆ ಮೈಸೂರು ಅರಮನೆ ಕೊಟ್ಟ ಆಶ್ರಯವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ವೀಣೆ ಶೇಷಣ್ಣ, ವಾಸುದೇವಾಚಾರ್ಯರ ಹೆಸರು ಹೇಳುತ್ತೇವೆ. ಅದೇ ಕಾಲದಲ್ಲಿ ದೇವಸ್ಥಾನದ ಕೆಲಸ ಕಳೆದುಕೊಂಡ ಹೆಂಗಸರು ಎಲ್ಲಿಗೆ ಹೋದರು ಎಂದು ಕೇಳುವುದು ಅಪರೂಪ.

ಸುಧಾರಣೆಯೇ ತಪ್ಪೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಏನೂ ಅರಿಯದ ಹೆಣ್ಣುಮಗುವಿಗೆ ಮುತ್ತು ಕಟ್ಟಿ ದೇವದಾಸಿಯಾಗಿಸುವುದು ಅನ್ಯಾಯ, ಅದನ್ನು ನಿಲ್ಲಿಸಲೇಬೇಕಿತ್ತು. ಮದರಾಸಿನಲ್ಲಿ ಕಾನೂನಿಗಾಗಿ ಹೋರಾಡಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿಯೇ ಆ ಹಿನ್ನೆಲೆಯವರು. ಆ ನೋವನ್ನು ಮುತ್ತುಲಕ್ಷ್ಮಿ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಕರ್ನಾಟಕದಲ್ಲಿ 1982ರಲ್ಲಿ ಮತ್ತೆ ಕಾನೂನು ಮಾಡಬೇಕಾಯಿತೆಂದರೆ ಸಮಸ್ಯೆಯ ಬೇರು ಎಷ್ಟು ಆಳವೆಂದು ಊಹಿಸಬಹುದು. ಆದರೆ ಹಿಂದಿನ ಸುಧಾರಣೆ ಹೆಣ್ಣನ್ನು ಬಿಡಿಸುವ ಭರದಲ್ಲಿ ಅವಳ ವಿದ್ಯೆಯನ್ನೂ ಅವಳಿಂದ ಬಿಡಿಸಿತು. ಹಾಡು, ನೃತ್ಯ ಎರಡೂ ಉಳಿದವು, ಸಭಾಂಗಣ ಏರಿದವು, ಮನ್ನಣೆ ಪಡೆದವು. ಅವನ್ನು ಕಾಪಾಡಿಕೊಂಡು ಬಂದಿದ್ದ ಮನೆತನಗಳ ಹೆಂಗಸರು ಮಾತ್ರ ಬಾಗಿಲಾಚೆ ಉಳಿದರು. ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯಬಲ್ಲ ಪ್ರೇಮಚಿತ್ರವನ್ನು ನಾನು ಇನ್ನೂ ನೋಡಬೇಕಾಗಿದೆ.

ಇದನ್ನು ಒಬ್ಬ ವ್ಯಕ್ತಿಯ ಮೂಲಕ ಹೇಳಬೇಕೆಂದರೆ ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಇದ್ದಾರೆ. ದೇವದಾಸಿ ಮನೆತನದ ವಿದುಷಿ, ಸಂಸ್ಕೃತ, ಕನ್ನಡ, ತೆಲುಗು ಬಲ್ಲವರು. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ಹದಿನೆಂಟನೆಯ ಶತಮಾನದ ತೆಲುಗು ಶೃಂಗಾರಕಾವ್ಯವನ್ನು ಅವರು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ತೆಲುಗಿನ ಸುಧಾರಕ ಕಂದುಕೂರಿ ವೀರೇಶಲಿಂಗಂ ಆ ಕಾವ್ಯವನ್ನು ಹೆಣ್ಣಿನ ಬಾಯಲ್ಲಿ ಬರಬಾರದ ಮಾತುಗಳೆಂದು ಹಳಿದಿದ್ದರು. ಮಾನ ಮರ್ಯಾದೆ ಎಲ್ಲ ಹೆಂಗಸರಿಗೆ ಮಾತ್ರವೇ ಎಂದು ನಾಗರತ್ನಮ್ಮ ಮುನ್ನುಡಿಯಲ್ಲಿ ತಿರುಗಿ ಕೇಳಿದರು. ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾದದ್ದು 1947ರಲ್ಲಿ. ಇದರಲ್ಲಿ ಬ್ರಿಟಿಷ್ ಸರ್ಕಾರದ ಕೈಯಿದೆ, ದೇಶೀ ಸುಧಾರಕರ ಬಾಯಿಯಿದೆ. ಮುಂದೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ ಇವರೇ. ಅಲ್ಲಿನ ಆರಾಧನೆಯಲ್ಲಿ ಗಂಡಸರು ಹೆಂಗಸರಿಗೆ ಹಾಡಲು ಬಿಡದಿದ್ದಾಗ ಹೆಂಗಸರದೇ ಬೇರೆ ಆರಾಧನೆ ಏರ್ಪಡಿಸಿದರು. ಪ್ರೇಮ, ಪಾಂಡಿತ್ಯ, ಭಕ್ತಿ, ಜಗಳ ಎಲ್ಲವೂ ಒಂದೇ ಬದುಕಿನಲ್ಲಿವೆ.

ಗ್ರಾಮಫೋನಿನ ದೃಶ್ಯ ಇಲ್ಲದ ಇಂಥ ಸಿನಿಮಾ ಇಲ್ಲವೇ ಇಲ್ಲ ಎನ್ನಬಹುದು. ಆದರೆ ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತೆಂದು ತಿಳಿದುಕೊಂಡು ತೆಗೆದ ದೃಶ್ಯ ತೀರಾ ಕಡಿಮೆ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತದ ಹೋಟೆಲ್ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಧ್ವನಿಮುದ್ರಣ ಶುರುಮಾಡಿದ. ಅಲ್ಲಿ ಮೊದಲು ಹಾಡಿದವರು ಕಲ್ಕತ್ತದ ಹೆಸರಾಂತ ಗಾಯಕಿ ಗೌಹರ್ ಜಾನ್ ಎಂದು ಹೇಳುವ ರೂಢಿಯಿದೆ. ಅವರಿಗಿಂತ ಮೊದಲು ನಾಟಕ ಮಂಡಳಿಯ ಇಬ್ಬರು ಎಳೆಯ ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ, ಹಾಡಿದ್ದರು. ಯಂತ್ರದಲ್ಲಿ ವಿದ್ಯುತ್ತೂ ಇರಲಿಲ್ಲ, ಮೈಕೂ ಇರಲಿಲ್ಲ. ಗಾಯಕಿ ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ಅವಳ ದನಿಯ ಕಸುವೇ ಕಹಳೆಯ ತುದಿಯ ತೆಳು ಪೊರೆಯನ್ನು ನಡುಗಿಸಿ, ಸೂಜಿಯನ್ನು ಅಲುಗಿಸಿ, ಮೇಣದ ತಟ್ಟೆಯಲ್ಲಿ ಗೀರು ಕೊರೆಯಬೇಕು. ದನಿ ಸಣ್ಣದಾದರೆ ಗೀರು ಬೀಳದು, ತಾರಸ್ಥಾಯಿಯಲ್ಲಿ ಜೋರಾದರೆ ಸೂಜಿ ಹಾರಿಹೋಗುತ್ತದೆ. ಹಾಗಾಗಿ ತಾರಕ್ಕೆ ಹೋದಾಗ ತಲೆ ಹಿಂದಕ್ಕೆ, ಮಂದ್ರಕ್ಕೆ ಬಂದಾಗ ಮುಂದಕ್ಕೆ. ಸಮಯ ಸುಮಾರು ಮೂರು ನಿಮಿಷ. ರಾತ್ರಿಯಿಡೀ ಒಂದು ರಾಗವನ್ನು ಬೆಳೆಸುತ್ತಿದ್ದವರು ಆಲಾಪ, ಬಂದಿಶ್ (ಹಾಡಿನ ಸಾಹಿತ್ಯಭಾಗ), ತಾನ್ (ವೇಗದ ಸ್ವರಸಂಚಾರ) ಎಲ್ಲವನ್ನೂ ಅಷ್ಟರಲ್ಲಿ ಮುಗಿಸಿ, ಕೊನೆಯ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಬೇಕು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯುವ ಉಪಾಯ ಅದು.

ಇನ್ನೊಂದು ವಿವರ ನನ್ನನ್ನು ಬಹಳ ಕಾಡುತ್ತದೆ. ಮೇಣದ ಮೂಲತಟ್ಟೆಯನ್ನು ಒಮ್ಮೆ ನುಡಿಸಿ ಕೇಳಿದರೆ ಅದರ ಗೀರುಗಳು ಹಾಳಾಗುತ್ತಿದ್ದವು. ಅಂದರೆ ಹಾಡಿದವಳಿಗೆ ತಾನು ಹೇಗೆ ಹಾಡಿದೆ ಎಂದು ಕೇಳಿ ನೋಡುವ ಅವಕಾಶವೇ ಇರಲಿಲ್ಲ. ತಟ್ಟೆ ಹಡಗು ಹತ್ತಿ ಹೋಗಿ, ಅಚ್ಚಾಗಿ, ತಿಂಗಳುಗಳ ಮೇಲೆ ಮರಳಿ ಬಂದಾಗಲೇ ಅವಳ ದನಿ ಅವಳಿಗೆ ಕೇಳುತ್ತಿದ್ದದ್ದು. ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಆ ತಟ್ಟೆಗಳಿಗೆ ಬೇಕಾದ ಅರಗು ಮಾತ್ರ ಮೊದಲಿನಿಂದಲೂ ನಮ್ಮ ಕಾಡುಗಳಿಂದಲೇ ಹೋಗುತ್ತಿತ್ತು. ಬೆಳಗ್ಗೆ ಹಾಡಿದ್ದನ್ನು ಸಂಜೆ ಪ್ರೇಮಿಯ ಜೊತೆ ಕೂತು ಗ್ರಾಮಫೋನಿನಲ್ಲಿ ಕೇಳುವ ದೃಶ್ಯ ಆ ವರ್ಷಗಳ ಕಥೆಯಲ್ಲಿ ಬಂದರೆ ಅದು ಸುಳ್ಳು. ಅದಕ್ಕಿಂತ ಮುಖ್ಯವಾಗಿ, ಒಂದು ಒಳ್ಳೆಯ ದೃಶ್ಯ ಕೈತಪ್ಪಿದಂತೆ. ಅವಳು ಹಾಡಿದ್ದಾಳೆ; ಪ್ರೀತಿಸಿದವನು ಈಗ ಊರಲ್ಲಿಲ್ಲ; ತಟ್ಟೆ ಬರುವ ಹೊತ್ತಿಗೆ ಏನೇನು ಬದಲಾಗಿರುತ್ತದೋ ಗೊತ್ತಿಲ್ಲ. ಯಂತ್ರವೇ ಕೊಡುವ ವಿರಹ ಅದು. ಇದಕ್ಕಿಂತ ಒಳ್ಳೆಯದನ್ನು ಕಲ್ಪಿಸಿ ಬರೆಯುವುದು ಕಷ್ಟ.

ತಟ್ಟೆಯ ನಡುವಿನ ಲೇಬಲ್ಲೂ ಕಥೆ ಹೇಳುತ್ತದೆ. ಹಾಡಿ ಜೀವನ ಮಾಡುವ ಹೆಂಗಸಾದರೆ ಹೆಸರಿನ ಜೊತೆ ‘ಜಾನ್’, ‘ಬಾಯಿ’, ಇಲ್ಲವೇ ‘ಮಿಸ್’. ಮರ್ಯಾದಸ್ಥ ಮನೆಯವರು ಹಾಡಿದರೆ ಹೆಸರಿನ ಮುಂದೆ ‘ಅಮೆಚೂರ್’ ಎಂದು ಅಚ್ಚಾಗುತ್ತಿತ್ತು: ಇವರು ಹಾಡುವುದು ಹಣಕ್ಕಲ್ಲ ಎಂಬ ಪ್ರಕಟಣೆ. ಮುಸ್ಲಿಂ ಗಂಡಸು ಹಾಡಿದರೆ ಉಸ್ತಾದ್, ಹಿಂದೂ ಗಂಡಸು ಹಾಡಿದರೆ ಪಂಡಿತ, ನಾವು ಹೆಂಗಸರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತೇವೆ ಎಂಬರ್ಥದ ಮಾತನ್ನು ಗಂಗೂಬಾಯಿ ಹಾನಗಲ್ ಆಡಿದ್ದರು. 1946ರಲ್ಲಿ, ಮಧ್ಯಂತರ ಸರ್ಕಾರದಲ್ಲಿ ಪ್ರಸಾರ ಖಾತೆ ಸರ್ದಾರ್ ಪಟೇಲರ ಕೈಯಲ್ಲಿದ್ದಾಗ, ಖಾಸಗಿ ಬದುಕು ಸಾರ್ವಜನಿಕ ಹಗರಣವಾಗಿರುವವರಿಗೆ ರೇಡಿಯೋದಲ್ಲಿ ಅವಕಾಶ ಕೂಡದೆಂಬ ಆದೇಶ ಬಂತು. ಹಗರಣ ಎಂದರೆ ಏನು, ಯಾರ ಬದುಕು ಹಗರಣ ಎಂದು ವಿವರಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಮದುವೆಯಾಗದೆ ಹಾಡುತ್ತಿದ್ದವರಿಗೆ ಅದು ತಾನಾಗಿಯೇ ಅರ್ಥವಾಯಿತು.

ಗೌಹರ್ ಜಾನ್ ಅವರ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿ 17ರಂದು ಇಲ್ಲಿಯೇ ತೀರಿಕೊಂಡರು. ದೇಶದಾದ್ಯಂತ ಮನೆಮಾತಾಗಿದ್ದ ಕಂಠ ಅಷ್ಟು ಹೊತ್ತಿಗೆ ಕೋರ್ಟು ಕಚೇರಿಗಳಲ್ಲಿ ಆಸ್ತಿ ಕರಗಿಸಿಕೊಂಡು ದಣಿದಿತ್ತು.

ಹಾಗಾದರೆ ನಿಜವಾದ ಪ್ರೇಮಕಥೆಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಬರೋಡಾ ಆಸ್ಥಾನದಲ್ಲಿದ್ದ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ರಾಜಮನೆತನದ ನಂಟಿನ ಸರದಾರ ಮನೆಯ ಹುಡುಗಿ ತಾರಾಬಾಯಿ ಮಾನೆಗೆ ಹಾಡು ಕಲಿಸುತ್ತಿದ್ದರು. ಇಬ್ಬರೂ ಬರೋಡಾ ಬಿಟ್ಟು ಮುಂಬಯಿಗೆ ಓಡಿಹೋದರು. ಸಿನಿಮಾ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಿಜದಲ್ಲಿ ಐದು ಮಕ್ಕಳಾದರು, ಊರೂರು ಅಲೆದಾಟವಾಯಿತು, 1922ರಲ್ಲಿ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಹೊರನಡೆದರು. ಮಕ್ಕಳ ಹೆಸರುಗಳೂ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದ, ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದಳು, ಸಕೀನಾ ಸರಸ್ವತಿ ರಾಣೆ ಆದಳು. ಟಿಕೆಟ್ ಕೊಂಡು ಬಂದ ಜನರೆದುರು, ಯಾವ ಹಾವಭಾವವೂ ಇಲ್ಲದೆ ಕೂತು ಹಾಡುವ ಹೆಣ್ಣು ಎಂಬ ಮಾದರಿಯನ್ನು ಕಟ್ಟಿಕೊಟ್ಟವರಲ್ಲಿ ಹೀರಾಬಾಯಿ ಮೊದಲಿಗರು. ತಂದೆಯ ಹಾಡುಗಾರಿಕೆಯ ಶೈಲಿ ಅವರ ಕೊರಳಲ್ಲಿತ್ತು, ತಂದೆಯ ಹೆಸರು ಇರಲಿಲ್ಲ. ಕರೀಂ ಖಾನರು ತ್ಯಾಗರಾಜರ ಕೃತಿಯನ್ನು ತಟ್ಟೆಗೆ ಹಾಡಿದವರು, ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದವರು. 1937ರಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಪ್ರಾಣಬಿಟ್ಟರು.

ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ ಅವರದು ಇನ್ನೊಂದು ಕಥೆ. ಹಿಂದಿ ಚಿತ್ರಗಳ ಹಾಡುಗಾರ್ತಿ ಅಮೀರಬಾಯಿಯ ಸೋದರಿ ಈಕೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಗಂಡಸಾಗಿದ್ದೂ ನಾಯಕಿಯ ಪಾತ್ರಗಳಿಂದ ಮಹಾರಾಷ್ಟ್ರದ ಕಣ್ಮಣಿಯಾದವರು. ಅವರ ಗಾಯನದ ಧಾಟಿಯನ್ನೇ ಮೈಗೂಡಿಸಿಕೊಂಡಿದ್ದ ಗೋಹರ್ 1938ರಲ್ಲಿ ಅವರ ಕಂಪನಿ ಸೇರಿದರು. ಮುಂದೆ ಇಬ್ಬರೂ ಮದುವೆಯಾದರು. ಮುಸ್ಲಿಂ ಹೆಣ್ಣು, ಕನ್ನಡದವಳು, ಕಂಪನಿ ನಾಟಕದವಳು. ಅಭಿಮಾನಿಗಳು ಅವರನ್ನು ಕ್ಷಮಿಸಲಿಲ್ಲ. ಮಹಾನಟನ ಇಳಿಗಾಲದ ಅಪವಾದವನ್ನೆಲ್ಲ ಅವರ ತಲೆಗೇ ಕಟ್ಟಿದರು. ಹೆಣ್ಣಿನ ವೇಷದಲ್ಲಿ ಹೆಸರು ಮಾಡಿದ ಗಂಡಸು, ಅವನ ದನಿಯಲ್ಲಿ ಹಾಡಬಲ್ಲ ಹೆಣ್ಣು, ಇಬ್ಬರ ನಡುವೆ ಸಾಲದಲ್ಲಿ ಮುಳುಗಿದ ಒಂದು ನಾಟಕ ಕಂಪನಿ. ಕನ್ನಡದ ನಿರ್ದೇಶಕರು ಹೊರಗಿನ ಹವೇಲಿಗಳ ಕಡೆ ನೋಡುವ ಮೊದಲು ಬಾಗಲಕೋಟೆ ಜಿಲ್ಲೆಯ ಕಡೆ ಒಮ್ಮೆ ತಿರುಗಿ ನೋಡಬೇಕು ಎಂಬುದು ನನ್ನ ಗಟ್ಟಿಯಾದ ಆಸೆ.

ಈ ಚಿತ್ರಗಳ ಸಂಗೀತದ ಬಗ್ಗೆಯೂ ಒಂದು ದೂರು. 1910ರ ಕಥೆಯಲ್ಲಿ ನಾಯಕಿ ಪಿಸುಮಾತಿನಂತೆ ಹಾಡುತ್ತಾಳೆ, ಉಸಿರಿನ ಸದ್ದೂ ಕೇಳುತ್ತದೆ, ಸುತ್ತ ಗುಂಯ್ ಎನ್ನುವ ಪ್ರತಿಧ್ವನಿ. ಅಂಥ ದನಿಯನ್ನು ಸಾಧ್ಯವಾಗಿಸಿದ್ದು ಮೈಕು. ಧ್ವನಿಮುದ್ರಣಕ್ಕೆ ಅದು ಬಂದದ್ದು 1925ರ ನಂತರ. ಅದಕ್ಕೂ ಮೊದಲು ದೊಡ್ಡ ಹಜಾರದ ಕೊನೆಯಲ್ಲಿ ಕೂತವನಿಗೂ ಕೇಳಿಸಬೇಕಾದ ಗಾಯಕಿ ಎತ್ತರದ ಶ್ರುತಿಯಲ್ಲಿ, ಎದೆತುಂಬಿ, ಬಾಯಿಬಿಟ್ಟು ಹಾಡುತ್ತಿದ್ದಳು. ಹಳೆಯ ತಟ್ಟೆಗಳನ್ನು ಕೇಳಿದರೆ ಮೊದಲು ಕಿವಿಗೆ ಚುಚ್ಚಿದಂತಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಧೈರ್ಯ ಅರಿವಿಗೆ ಬರುತ್ತದೆ. ಪಿಸುದನಿಯ ನಾಯಕಿ ನಾಚಿಕೆಯ, ಸೌಮ್ಯದ ಹುಡುಗಿಯಾಗಿ ಕಾಣುತ್ತಾಳೆ. ಸುಧಾರಕರು ಬಯಸಿದ್ದೂ ಅಂಥವಳನ್ನೇ. ಹೀಗೆ ಧ್ವನಿ ವಿನ್ಯಾಸದ ಒಂದು ಆಯ್ಕೆ ನಮಗೆ ಗೊತ್ತಿಲ್ಲದಂತೆಯೇ ಚರಿತ್ರೆಯಲ್ಲಿ ಒಂದು ಪಕ್ಷ ಹಿಡಿಯುತ್ತದೆ.

ಪ್ರೇಮ ಎಂದರೆ ಹೆಣ್ಣು ಗಂಡಿನ ಆಕರ್ಷಣೆ ಮಾತ್ರ ಎಂದು ಇಡೀ ಪ್ರಕಾರ ಗಟ್ಟಿಯಾಗಿ ನಂಬಿಕೊಂಡಿರುವುದರಿಂದ ಕಳೆದುಹೋದದ್ದು ಇನ್ನೂ ಇದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡುಗಾರಿಕೆ ಮಗಳ ಕಲಿಕೆಗೆ ಅಡ್ಡಿಯಾಗಬಾರದೆಂದು ತಾಯಿ ಹಾಡುವುದನ್ನೇ ಬಿಟ್ಟರು. ಮದುವೆಗಾಗಿ ಹಾಡು ಬಿಟ್ಟವರ ಕಾಲದಲ್ಲಿ ಮಗಳ ಹಾಡಿಗಾಗಿ ಹಾಡು ಬಿಟ್ಟವರೂ ಇದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಆ ಹುಡುಗಿ ಸ್ವಾಗತಗೀತೆ ಹಾಡಿದಳು. ಮುಂದೆ ವಕೀಲ ಗುರುರಾವ್ ಕೌಲಗಿ ಅವರ ಜೊತೆ ಬಾಳಿದಳು. ಅವರು ಬ್ರಾಹ್ಮಣರು, ಶಾಸ್ತ್ರೋಕ್ತ ಮದುವೆ ಆಗಲಿಲ್ಲ. ಅವರ ವ್ಯಾಪಾರಗಳು ಕೈಕೊಟ್ಟಾಗ ಸಂಸಾರ ನಡೆದದ್ದು ಅವಳ ಹಾಡಿನಿಂದ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು, ಮತ್ತೆ ರೈಲು ಹಿಡಿದು ಮನೆಗೆ ಬರುವುದು ವರ್ಷಗಟ್ಟಲೆ ನಡೆಯಿತು. ಅವಳು ಪ್ರೀತಿಸಿದಳು, ಸಾಲ ತೀರಿಸಿದಳು, ಮಕ್ಕಳನ್ನು ಬೆಳೆಸಿದಳು. ಇಷ್ಟರ ನಡುವೆ ಹಾಡು ಬಿಡು ಎಂಬ ಕರಾರಿಗೆ ಸಹಿ ಹಾಕಲಿಲ್ಲ.